ಹಳೆ ಜರ್ನಲ್ ಹುಡುಕುವವರಿಗೆ ಜೆಸ್ಟೋರ್

ಇತಿಹಾಸ ಓದುವ ವಿದ್ಯಾರ್ಥಿಗಳ ಪ್ರಬಂಧ ತಿದ್ದುವುದು ನನ್ನ ಕೆಲಸ. ಯಾವ ಡೇಟಾಬೇಸ್‌ನಿಂದ ಶುರು ಮಾಡೋಣ ಅಂತ ಕೇಳಿದವರಿಗೆಲ್ಲ ಜೆಸ್ಟೋರ್ ಅಂತಲೇ ಹೇಳುತ್ತೇನೆ. ಲೈಬ್ರರಿಗಳಲ್ಲಿ ಕಪಾಟು ತುಂಬಿಕೊಂಡಿದ್ದ ಹಳೆ ಜರ್ನಲ್‌ಗಳನ್ನು ಸ್ಕ್ಯಾನ್ ಮಾಡಿಡೋಣ ಅಂತಲೇ 1995ರಲ್ಲಿ ಹುಟ್ಟಿದ್ದು ಇದು. ಹೆಚ್ಚಿನ ಜರ್ನಲ್‌ಗಳು ಮೊದಲ ಸಂಚಿಕೆಯಿಂದಲೇ ಸಿಗುತ್ತವೆ. ಅಚ್ಚಾದ ಪುಟ ಹೇಗಿತ್ತೋ ಹಾಗೇ, ಪುಟಸಂಖ್ಯೆ, ಅಡಿಟಿಪ್ಪಣಿ ಸಮೇತ. ಉಲ್ಲೇಖ ಕೊಡುವವರಿಗೆ ಇನ್ನೇನು ಬೇಕು?

ಹುಡುಕಿದಾಗ ಬರುವ ಪಟ್ಟಿಯನ್ನು ಮಾತ್ರ ಕಣ್ಣುಬಿಟ್ಟು ನೋಡಬೇಕು. ಸಂಶೋಧನಾ ಲೇಖನ, ಪುಸ್ತಕದ ಅಧ್ಯಾಯ, ಪುಸ್ತಕ ವಿಮರ್ಶೆ ಎಲ್ಲ ಅದರಲ್ಲಿ ಬೆರೆತಿರುತ್ತವೆ. ಹುಡುಗರು ಎಡವುವುದು ವಿಮರ್ಶೆಯಲ್ಲೇ ಜಾಸ್ತಿ. ತೆರೆದರೆ ಎರಡೇ ಪುಟ. ಮೇಲೆ ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ಎಷ್ಟೋ ಸಲ ಬೆಲೆಯೂ ಇರುತ್ತದೆ. ವಿಮರ್ಶೆ ಬರೆದವರ ಹೆಸರು ಎಲ್ಲೋ ಕೊನೆಯಲ್ಲಿ. ಅವರ ಮಾತನ್ನು ಪುಸ್ತಕದ ಲೇಖಕರ ಮಾತು ಅಂತ ಉಲ್ಲೇಖಿಸಿದರೆ ವಾದವೇ ತಲೆಕೆಳಗಾಗುತ್ತದೆ, ಅಲ್ವಾ? ಪೀರ್ ರಿವ್ಯೂ, ಅಂದರೆ ಅಚ್ಚಿಗೆ ಮೊದಲು ಅದೇ ವಿಷಯದ ಬೇರೆ ತಜ್ಞರಿಂದ ಪರಿಶೀಲನೆ, ಆಗುವ ಜರ್ನಲ್‌ನಲ್ಲಿ ಬಂದ ಮಾತ್ರಕ್ಕೆ ಅದರೊಳಗಿನ ಪುಸ್ತಕ ವಿಮರ್ಶೆಯೂ ಸಂಪಾದಕೀಯವೂ ಲೇಖನದಂತೆ ಪರಿಶೀಲನೆಗೆ ಒಳಗಾಗಿರುತ್ತವೆ ಅಂತಿಲ್ಲ.

ಇನ್ನೊಂದು, ನನಗೆ ತುಂಬ ಇಷ್ಟವಾದದ್ದು. 1890ರ ದಶಕದ ಒಂದು ಲೇಖನ ಅದರ ವಿಷಯದ ಬಗ್ಗೆ ದ್ವಿತೀಯ ಆಕರ, ಅಂದರೆ ಆ ವಿಷಯವನ್ನು ಆಮೇಲೆ ಅಧ್ಯಯನ ಮಾಡಿ ಬರೆದದ್ದು. ಆ ಕಾಲದವರು ಹೇಗೆ ಯೋಚಿಸುತ್ತಿದ್ದರು ಅಂತ ನೀವು ಬರೆಯುತ್ತಿದ್ದರೆ ಅದೇ ಲೇಖನ ಪ್ರಾಥಮಿಕ ಆಕರ, ಅಂದರೆ ಆ ಕಾಲದ್ದೇ ನೇರ ಸಾಕ್ಷಿ. ಆಕರದ ಜಾತಿ ನಿಮ್ಮ ಪ್ರಶ್ನೆಯ ಮೇಲೆ ನಿಂತಿದೆ. ಇದನ್ನು ಕಲಿಸಲು ಜೆಸ್ಟೋರ್‌ನಷ್ಟು ಒಳ್ಳೆ ಜಾಗ ನಾನು ಕಂಡಿಲ್ಲ.

ಕೊರತೆಯೂ ಇದೆ. ಅನೇಕ ಜರ್ನಲ್‌ಗಳ ಇತ್ತೀಚಿನ ಮೂರರಿಂದ ಐದು ವರ್ಷದ ಸಂಚಿಕೆಗಳು ಇಲ್ಲಿರುವುದಿಲ್ಲ. ಪ್ರಕಾಶಕರ ಜೊತೆಗಿನ ಒಪ್ಪಂದವೇ ಹಾಗೆ. ಹಾಗಾಗಿ ಹೊಸ ಸಂಶೋಧನೆಯೇ ಮುಖ್ಯವಾಗುವ ವೈದ್ಯಕೀಯದ ವಿಷಯಕ್ಕೆ ಇಲ್ಲಿಗೆ ಬರಬೇಡಿ, ವೈದ್ಯಕೀಯ ಲೇಖನಗಳ ಡೇಟಾಬೇಸ್ ಆದ ಪಬ್‌ಮೆಡ್‌ಗೆ ಹೋಗಿ. ಅಲ್ಲಿ ಹೆಚ್ಚಾಗಿ ಸಾರಾಂಶ ಸಿಗುತ್ತದೆ. ಉಚಿತವಾಗಿ ಪೂರ್ತಿ ಲೇಖನ ಬೇಕಿದ್ದರೆ ಪಬ್‌ಮೆಡ್ ಸೆಂಟ್ರಲ್ ನೋಡಿ. ಗೂಗಲ್ ಸ್ಕಾಲರ್ ಬಲೆ ದೊಡ್ಡದು, ಆದರೆ ಪೀರ್ ರಿವ್ಯೂ ಆದದ್ದನ್ನಷ್ಟೇ ತೋರಿಸುವ ಫಿಲ್ಟರ್ ಅದರಲ್ಲಿಲ್ಲ. ಥೀಸಿಸ್, ಪ್ರೀಪ್ರಿಂಟ್ (ಪರಿಶೀಲನೆಗೆ ಮೊದಲೇ ಆನ್‌ಲೈನ್‌ಗೆ ಹಾಕಿದ ಲೇಖನ) ಎಲ್ಲವೂ ಬರುತ್ತವೆ.

ಕಾಲೇಜಿನ ಚಂದಾ ಇಲ್ಲದವರು ಉಚಿತ ಖಾತೆ ತೆರೆಯಿರಿ. ತಿಂಗಳಿಗೆ 100 ಲೇಖನ ಆನ್‌ಲೈನ್‌ನಲ್ಲೇ ಓದಬಹುದು. ಡೌನ್‌ಲೋಡ್ ಮಾಡಲು ಬರುವುದಿಲ್ಲ, ಅದಕ್ಕೇ ಪುಟಸಂಖ್ಯೆ ಹಾಕಿ ನೋಟ್ಸ್ ಮಾಡಿಕೊಳ್ಳುತ್ತಾ ಓದಿ.