ರೀಕಾಂಬಿನೆಂಟ್ ಹ್ಯೂಮನ್ ಥ್ರಾಂಬೊಪೊಯೆಟಿನ್, 10 ಮೈಕ್ರೊಗ್ರಾಂ ವಯಲ್: ಕೆಲಸ ಪಕ್ಕಾ, ಲೇಬಲ್ ಅರೆಬರೆ

ಸಿಡಿ34 ಕೋಶಗಳಿಂದ (ರಕ್ತದ ಮೂಲಕೋಶಗಳು) ಮೆಗಾಕ್ಯಾರಿಯೊಸೈಟ್ (ಪ್ಲೇಟ್‌ಲೆಟ್ ಹುಟ್ಟಿಸುವ ಕೋಶ) ಬೆಳೆಸುವವರಿಗೆ ಥ್ರಾಂಬೊಪೊಯೆಟಿನ್ ಹಾರ್ಮೋನ್, ಅಂದರೆ ಟಿಪಿಓ, ಇಲ್ಲದೆ ಕೆಲಸ ಸಾಗದು. ಈ ವಯಲಿನದು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಾಗುವ ಬಗೆ: 174 ಅಮೈನೊ ಆಮ್ಲಗಳ ತುಂಡು, ಸುಮಾರು 18.6 ಕಿಲೊಡಾಲ್ಟನ್, ಸಕ್ಕರೆ ಸರಪಳಿಗಳಿಲ್ಲ. ಸಸ್ತನಿ ಕೋಶಗಳಲ್ಲಿ ತಯಾರಾಗುವ ಪೂರ್ಣ ಹಾರ್ಮೋನ್ 332 ಅಮೈನೊ ಆಮ್ಲಗಳದ್ದು, ಬೆಲೆಯೂ ಸಾಮಾನ್ಯವಾಗಿ ಜಾಸ್ತಿ. ಕೋಶದ ಮೇಲಿನ ಗ್ರಾಹಕಕ್ಕೆ (ರಿಸೆಪ್ಟರ್) ಅಂಟುವ ಭಾಗ ಮೊದಲ 153ರಲ್ಲೇ ಇರುವುದರಿಂದ ಕಲ್ಚರ್‌ಗೆ ತುಂಡೇ ಸಾಕು. ಆದರೆ ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗುವಾಗ ನ್ಯಾನೊಗ್ರಾಂ ಲೆಕ್ಕವನ್ನು ಹಾಗೇ ಇಳಿಸಿಕೊಳ್ಳಬೇಡಿ. ಅದೇ ತೂಕದಲ್ಲಿ ಅಣುಗಳ ಸಂಖ್ಯೆ ಬೇರೆ.

ಪುಡಿ ಕಣ್ಣಿಗೆ ಕಾಣದಷ್ಟು ಕಡಿಮೆ, ಅರ್ಧ ಮುಚ್ಚಳಕ್ಕೇ ಅಂಟಿರುತ್ತದೆ. ತೆರೆಯುವ ಮೊದಲು ಸೆಂಟ್ರಿಫ್ಯೂಜ್‌ನಲ್ಲಿ ಒಂದು ಸುತ್ತು ತಿರುಗಿಸಿ. 100 ಮೈಕ್ರೊಲೀಟರ್ ಸ್ಟೆರೈಲ್ ನೀರು ಹಾಕಿ, ವಯಲನ್ನು ಮೆಲ್ಲಗೆ ಓಲಾಡಿಸಿ. ವೋರ್ಟೆಕ್ಸ್ ಬೇಡ, ನೊರೆ ಎದ್ದರೆ ಪ್ರೋಟೀನ್ ಕೆಡುತ್ತದೆ. ಬಳಿಕ ಶೇ 0.1 ಬಿಎಸ್‌ಎ (ದನದ ಸೀರಂನ ಆಲ್ಬುಮಿನ್ ಪ್ರೋಟೀನ್) ಇರುವ ಬಫರ್ ಸೇರಿಸಿ, ಒಂದೊಂದು ಮೈಕ್ರೊಗ್ರಾಂನಂತೆ ಹಂಚಿ, ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಬಿಎಸ್‌ಎ ಬಿಟ್ಟರೆ ತೆಳು ದ್ರಾವಣದ ಹಾರ್ಮೋನ್ ಪ್ಲಾಸ್ಟಿಕ್ ಗೋಡೆಗೇ ಅಂಟಿ ಹೋಗುತ್ತದೆ. ತೆಳು ಮಾಡಿದ ಮೇಲೆ ಫಿಲ್ಟರ್ ಮಾಡಿದರೂ ಇದೇ ಗತಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಮಿಲಿಲೀಟರಿಗೆ 50 ನ್ಯಾನೊಗ್ರಾಂ ಲೆಕ್ಕದಲ್ಲಿ ಒಂದು ವಯಲ್‌ಗೆ 200 ಮಿಲಿಲೀಟರ್ ಮೀಡಿಯಂ. ಎಸ್‌ಸಿಎಫ್ (ಮೂಲಕೋಶಗಳನ್ನು ಬೆಳೆಸುವ ಇನ್ನೊಂದು ಪ್ರೋಟೀನ್) ಜೊತೆ ಆರಂಭಿಸಿ, ಬಳಿಕ ಅದನ್ನು ತಗ್ಗಿಸಿದರೆ 10ರಿಂದ 14 ದಿನಗಳಲ್ಲಿ ಮೆಗಾಕ್ಯಾರಿಯೊಸೈಟ್‌ನ ಗುರುತಾದ ಸಿಡಿ41 ಚೆನ್ನಾಗಿ ಏರುತ್ತದೆ. ಎಸ್‌ಸಿಎಫ್ ಹೆಚ್ಚೇ ಉಳಿದರೆ ಕೋಶಗಳು ಸಂಖ್ಯೆಯಲ್ಲಿ ಬೆಳೆಯುತ್ತವೆ, ಪಕ್ವವಾಗುವುದಿಲ್ಲ. ಫಲ ಬರದಿದ್ದಾಗ ಟಿಪಿಓವನ್ನೇ ದೂರುವವರು ಮೊದಲು ಸೀರಂ ನೋಡಲಿ: ಅದರಲ್ಲಿನ ಟಿಜಿಎಫ್-ಬೀಟಾ ಎಂಬ ಪ್ರೋಟೀನ್ ಮೆಗಾಕ್ಯಾರಿಯೊಸೈಟ್‌ಗಳನ್ನು ತಡೆಯುತ್ತದೆ. ಮಾದರಿಯಲ್ಲಿ ಪ್ಲೇಟ್‌ಲೆಟ್‌ಗಳು ಉಳಿದಿದ್ದರೆ ಹಾಕಿದ ಹಾರ್ಮೋನನ್ನು ಅವೇ ನುಂಗುತ್ತವೆ, ದೇಹದಲ್ಲಿ ಮಾಡುವ ಹಾಗೆಯೇ.

ತಕರಾರು ಲೇಬಲ್ ಮೇಲೆ. ತೂಕ ಬರೆದರೆ ಸಾಲದು, ಚಟುವಟಿಕೆ ಬೇಕು. ಟಿಪಿಓಗೆ ಸ್ಪಂದಿಸಿ ಬೆಳೆಯುವ ಎಂಓ7ಇ ಕೋಶಗಳ ಪರೀಕ್ಷೆಯಲ್ಲಿ ಇಡಿ50 (ಗರಿಷ್ಠದ ಅರ್ಧದಷ್ಟು ಪರಿಣಾಮ ಕೊಡುವ ಪ್ರಮಾಣ) ಮಿಲಿಲೀಟರಿಗೆ 1 ನ್ಯಾನೊಗ್ರಾಂ ಎಂದರೆ ಮಿಲಿಗ್ರಾಂಗೆ 10 ಲಕ್ಷ ಯೂನಿಟ್. 2 ಎಂದರೆ ಅದರ ಅರ್ಧ. ಲಾಟ್ ಬದಲಾದಾಗ ಆ ಅಂಕಿಯನ್ನೂ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದಿಂದ ಉಳಿಯುವ ವಿಷ) ಅಂಕಿಯನ್ನೂ ಕೇಳಿ ಪಡೆಯಿರಿ.

‘ಸಂಶೋಧನೆಗೆ ಮಾತ್ರ’ ಎಂಬ ಸಾಲು ಅಲಂಕಾರಕ್ಕಲ್ಲ. ಇಂಥದೇ ತುಂಡಿಗೆ ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್) ಜೋಡಿಸಿ ಮನುಷ್ಯರಿಗೆ ಕೊಟ್ಟಾಗ ಕೆಲವರಲ್ಲಿ ಪ್ರತಿಕಾಯ ಹುಟ್ಟಿ, ಅವರ ಸ್ವಂತ ಟಿಪಿಓವನ್ನೇ ಕಟ್ಟಿಹಾಕಿ, ಪ್ಲೇಟ್‌ಲೆಟ್ ಕುಸಿದಿತ್ತು.