ಘಟ್ಟದ ಬುಡದ ಸೈಕಲ್ ರೇಸಿಗೆ ಹಣ ಕಟ್ಟುವ ಮೊದಲು

ಕಾರ್ಕಳದಿಂದ ಆಚೆ, ಘಟ್ಟದ ಬುಡದಲ್ಲಿ ಕಳೆದ ಅಕ್ಟೋಬರ್ ಕೊನೆಗೆ ನಡೆದ 84 ಕಿಲೋಮೀಟರಿನ ಮೌಂಟನ್ ಬೈಕ್ ರೇಸಿನ ಫಲಿತಾಂಶ ಪಟ್ಟಿಯಲ್ಲಿ ನನ್ನ ಹೆಸರಿನ ಎದುರು ‘ಆರಂಭಿಸಿಲ್ಲ’ ಎಂದು ನಮೂದಾಗಿದೆ. ಆ ದಿನ ಬೆಳಿಗ್ಗೆ ಆರೂವರೆಗೆ ಎಲ್ಲರ ಜೊತೆ ಹೊರಟ ನಾನು ಸಂಜೆ ಆರರ ಹೊತ್ತಿಗೆ ರಬ್ಬರ್ ತೋಟವೊಂದರ ನಡುವೆ ದಿಕ್ಕು ತಪ್ಪಿ ಕುಳಿತಿದ್ದೆ, ರಾತ್ರಿಯನ್ನು ಆಸ್ಪತ್ರೆಯಲ್ಲಿ ಕಳೆದೆ. ಅದೇ ಆಯೋಜಕರು ಈ ವರ್ಷದ ನೋಂದಣಿ ತೆರೆದಿದ್ದಾರೆಂದು ಗೆಳೆಯರಿಂದ ತಿಳಿದ ಮೇಲೆ ಸುಮ್ಮನಿರುವುದು ಸರಿಯೆನಿಸಲಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನನಗಾದದ್ದು ಇಂಥ ಯಾವ ರೇಸಿನಲ್ಲಾದರೂ ಆಗಬಹುದಾದದ್ದು.

ನನ್ನ ತಪ್ಪುಗಳನ್ನು ಮೊದಲು ಹೇಳಿಬಿಡುತ್ತೇನೆ. ಉಡುಪಿಯಲ್ಲಿದ್ದುಕೊಂಡು ಏಳು ವರ್ಷಗಳಿಂದ ಸೈಕಲ್ ತುಳಿಯುತ್ತಿರುವವನು ನಾನು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಹಲವು ಬಾರಿ ಹತ್ತಿದ್ದೇನೆ. ಆದ್ದರಿಂದ ಏರು ಎಷ್ಟಿದೆ ಎಂಬುದನ್ನು ಮಾತ್ರ ಲೆಕ್ಕ ಹಾಕಿ, ಒಟ್ಟು 1,900 ಮೀಟರ್ ತಾನೆ, ಮುಗಿಸಬಹುದು ಎಂದುಕೊಂಡೆ. ಸೆಕೆಯನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಆಗುಂಬೆಗೆ ನಾನು ಹೋಗುತ್ತಿದ್ದದ್ದು ಬೆಳಗಿನ ಜಾವ, ಎರಡು ಗಂಟೆಯ ಕೆಲಸ. ಇಲ್ಲಿ ಕಾದಿದ್ದದ್ದು ಗದ್ದೆ, ತೋಟ, ಬೋಳು ಗುಡ್ಡೆಗಳ ಮೇಲೆ ಇಡೀ ಹಗಲು. ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ. ಮಳೆಗಾಲ ಮುಗಿದು ನೆಲದ ಪಸೆ ಇನ್ನೂ ಮೇಲೇಳುತ್ತಿರುವ ನಮ್ಮ ಕರಾವಳಿಯ ಅಕ್ಟೋಬರಿನಲ್ಲಿ ಬೆವರು ಆರುವುದಿಲ್ಲ, ಮೊಣಕೈಯಿಂದ ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಮೈ ಇನ್ನಷ್ಟು ಬೆವರುತ್ತದೆ, ಅದರೊಂದಿಗೆ ಉಪ್ಪೂ ಹೊರಟುಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಕಪ್ಪು ಜೆರ್ಸಿಯ ಬೆನ್ನಿನ ಮೇಲೆ ಚೀಲದ ಪಟ್ಟಿಯ ಗುಂಟ ಬಿಳಿ ಗೆರೆ ಮೂಡಿತ್ತಂತೆ. ಹಿಂದಿನಿಂದ ಬಂದ ಸವಾರನೊಬ್ಬ ಅದನ್ನು ಹೇಳಿ ನಕ್ಕ, ನಾನೂ ನಕ್ಕೆ.

ದಾರಿಯಲ್ಲಿ ಐದು ಕಡೆ ನೀರಿನ ವ್ಯವಸ್ಥೆ ಇತ್ತು, ನೀರಿಗೆ ಕೊರತೆಯಾಗಲಿಲ್ಲ. ಆದರೆ ಅಲ್ಲಿ ಇದ್ದದ್ದು ಇಪ್ಪತ್ತು ಲೀಟರಿನ ಕ್ಯಾನುಗಳು, ಬಾಳೆಹಣ್ಣು ಮತ್ತು ಎರಡನೆಯ ಕೇಂದ್ರದಲ್ಲಿ ಸೀಯಾಳ, ಅಂದರೆ ಎಳನೀರು. ಉಪ್ಪಿನ ಅಂಶವಿರುವ ಯಾವ ಪದಾರ್ಥವೂ ಇರಲಿಲ್ಲ. ಸೀಯಾಳವೊಂದಿದ್ದರೆ ಬೇರೇನೂ ಬೇಡ ಎಂದು ನಂಬಿ ಬೆಳೆದವರು ನಾವು, ಹಾಗಾಗಿ ನಾನು ಎರಡು ಕುಡಿದೆ. ಸೀಯಾಳದಲ್ಲಿ ಹೇರಳವಾಗಿರುವುದು ಪೊಟ್ಯಾಸಿಯಂ. ಬೆವರಿನಲ್ಲಿ ಮುಖ್ಯವಾಗಿ ಹೋಗುವುದು ಉಪ್ಪಿನಲ್ಲಿರುವ ಸೋಡಿಯಂ, ಅದು ಸೀಯಾಳದಲ್ಲಿ ತೀರ ಕಡಿಮೆ ಎಂಬುದು ನನಗೆ ಆಸ್ಪತ್ರೆಯ ಮಂಚದ ಮೇಲೆ ತಿಳಿಯಿತು. ಕೇಂದ್ರಗಳಲ್ಲಿದ್ದ ಕಾಲೇಜು ಹುಡುಗರು ಒಳ್ಳೆಯವರೇ, ಕಂಡಾಗಲೆಲ್ಲ ‘ಕುಡಿಯಿರಿ ಸರ್, ಇನ್ನೂ ಕುಡಿಯಿರಿ’ ಎಂದು ಬಾಟಲಿ ತುಂಬಿಸಿ ಕಳಿಸುತ್ತಿದ್ದರು. ದಿನ ಮುಗಿಯುವಷ್ಟರಲ್ಲಿ ನಾನು ಕುಡಿದ ನೀರು ಹತ್ತು ಲೀಟರಿಗೆ ಕಡಿಮೆಯಿರಲಿಕ್ಕಿಲ್ಲ.

ಮೂರು ಗಂಟೆಯ ಸುಮಾರಿಗೆ ತಲೆ ಸಿಡಿಯತೊಡಗಿತು, ಹೊಟ್ಟೆ ತೊಳಸಿತು. ಸಂಕವೊಂದರ ಕಟ್ಟೆಯ ಮೇಲೆ ಕುಳಿತು ಕೈಗವಸು ತೆಗೆಯಹೋದರೆ ಅದು ಬರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದಾಗ ಅಂಗೈಯ ಹಿಂಬದಿಯಲ್ಲಿ ಅದರ ಬಲೆಯ ನೇಯ್ಗೆ ಅಚ್ಚೊತ್ತಿದಂತೆ ಮೂಡಿತ್ತು, ಉಂಗುರ ಮಾಂಸದೊಳಗೆ ಹೂತಿತ್ತು, ಬೆಳಿಗ್ಗೆ ಸಡಿಲವಾಗಿದ್ದ ವಾಚಿನ ಪಟ್ಟಿ ಬಿಗಿದು ನೋಯುತ್ತಿತ್ತು. ನೀರು ಸಾಲದೆ ಹೀಗಾಗಿದೆ ಎಂದು ತಿಳಿದು ಇನ್ನೊಂದು ಬಾಟಲಿ ಪೂರ್ತಿ ಕುಡಿದೆ. ಈ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಈ ಊದಿದ ಬೆರಳುಗಳನ್ನು ನೆನಪಿಡಿ.

ದಾರಿ ತಪ್ಪಿದ್ದು ಆ ಬಳಿಕ. ಗುರುತಿಗೆಂದು ನೆಲದ ಮೇಲೆ ಸುಣ್ಣದಲ್ಲಿ ಬಾಣ ಹಾಕಿದ್ದರು. ಆ ತಿಂಗಳಲ್ಲಿ ಸಂಜೆ ಗುಡುಗು ಮಳೆ ಬರುವುದು ಇಲ್ಲಿನ ಮಕ್ಕಳಿಗೂ ಗೊತ್ತು. ಹಿಂದಿನ ಸಂಜೆ ಬಂದ ಮಳೆ ಅರ್ಧ ಬಾಣಗಳನ್ನು ತೊಳೆದಿತ್ತು, ಮತ್ತೆ ಬರೆಯಲು ಯಾರೂ ಹೋಗಿರಲಿಲ್ಲ. ಮೊಬೈಲಿಗೆ ಕಳಿಸಿದ್ದ ನಕ್ಷೆ ಹಳೆಯ ಮಾರ್ಗದ್ದು, ಅದು ನನ್ನನ್ನು ಬೀಗ ಹಾಕಿದ ಗೇಟಿನ ಎದುರು ತಂದು ನಿಲ್ಲಿಸಿತು. ನೆಟ್‌ವರ್ಕ್ ಇರಲಿಲ್ಲ. ರಬ್ಬರ್ ತೋಟದೊಳಗೆ ಎಲ್ಲ ಸಾಲುಗಳೂ ಒಂದೇ ತೆರ; ಮಳೆಗೆಂದು ಪ್ಲಾಸ್ಟಿಕ್ ಲಂಗ ತೊಟ್ಟ ಅದೇ ಮರ, ಹಾಲು ಹಿಡಿಯುವ ಅದೇ ಗೆರಟೆ. ಇಳಿಜಾರಿನಲ್ಲಿ ಹಾವಸೆ ಕಟ್ಟಿದ ಮುರಕಲ್ಲಿನ ಮೇಲೆ ಎರಡು ಸಲ ಬಿದ್ದೆ. ಹಿಂಬದಿಯ ಬ್ರೇಕ್ ಪ್ಯಾಡ್ ಅಷ್ಟರಲ್ಲಿ ತಗಡಿನ ಮಟ್ಟಕ್ಕೆ ಸವೆದಿತ್ತು: ಮುರಕಲ್ಲಿನ ಕೆಸರು ಅರೆಯುವ ಮರಳಿನಂತೆ ಕೆಲಸ ಮಾಡುತ್ತದೆ, ಮೂರು ವಾರದ ಹಿಂದೆ ಹಾಕಿದ ರೆಸಿನ್ ಪ್ಯಾಡ್ ಒಂದೇ ಹಗಲಿಗೆ ಮುಗಿಯಿತು. ಲೋಹಮಿಶ್ರಿತ ಪ್ಯಾಡ್ ಹಾಕಿ, ಒಂದು ಜೊತೆ ಜೇಬಿನಲ್ಲೂ ಇಟ್ಟುಕೊಳ್ಳಬೇಕಿತ್ತು. ಅದರ ದೂರು ನನ್ನ ಮೇಲೆಯೇ.

ನಾಯಿ ಬೊಗಳಿದ್ದರಿಂದ ಹೊರಬಂದ ತೋಟದ ಮನೆಯ ಹೆಂಗಸು ‘ನೀರ್ ಬೋಡಾ?’ (ನೀರು ಬೇಕಾ?) ಎಂದು ತುಳುವಿನಲ್ಲಿ ಕೇಳಿದರು. ಉತ್ತರಿಸುವ ಮೊದಲೇ ಅಂಗಳದಲ್ಲಿ ವಾಂತಿ ಮಾಡಿಕೊಂಡೆ. ಹೊರಬಂದದ್ದು ಬರೀ ನೀರು. ಅವರು ಅದನ್ನು ನೋಡಿ ಒಳಗೆ ಹೋಗಿ, ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ, ಜೊತೆಗೆ ಒಂದು ಮಾವಿನ ಮಿಡಿ ತಂದುಕೊಟ್ಟರು. ನಾನು ನನ್ನ ಹೆಂಡತಿಯ ಫೋನ್ ನಂಬರ್ ಹೇಳಲು ಮೂರು ಬಾರಿ ತಪ್ಪಿದೆನಂತೆ. ಅವರ ಮಗ ಪಿಕಪ್ಪಿನಲ್ಲಿ ಸೈಕಲ್ಲನ್ನೂ ನನ್ನನ್ನೂ ಹೇರಿಕೊಂಡು ರೇಸ್ ಮುಗಿಯುವ ಮೈದಾನಕ್ಕೆ ಬಂದಾಗ ಅಲ್ಲಿ ಕಮಾನಿನ ಬಟ್ಟೆ ಇಳಿಸಿ ಮಡಚಿಯಾಗಿತ್ತು, ಆಂಬುಲೆನ್ಸ್ ಮಧ್ಯಾಹ್ನ ನಾಲ್ಕಕ್ಕೇ ಹೋಗಿತ್ತು. ಒಬ್ಬ ಸವಾರ ಬಂದಿಲ್ಲ ಎಂಬುದು ಅಲ್ಲಿ ಉಳಿದಿದ್ದ ಯಾರಿಗೂ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದು ತೂಕ. ಬೆಳಿಗ್ಗೆ ಮನೆಯಲ್ಲಿ 68 ಕಿಲೋ ಇದ್ದವನು ಹನ್ನೊಂದು ಗಂಟೆ ಬೆವರಿದ ಮೇಲೆ 69.5 ತೂಗಿದೆ. ಒಣಗಿದ ದೇಹ ಹೀಗೆ ತೂಗುವುದಿಲ್ಲ. ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು, ನನ್ನದು 127 ಇತ್ತು. ಅಂದರೆ ಅತಿಯಾಗಿ ಕುಡಿದ ನೀರು ಮೈಯಲ್ಲೇ ಉಳಿದು ರಕ್ತದ ಸೋಡಿಯಮ್ಮನ್ನು ತೆಳುವಾಗಿಸಿತ್ತು, ಬೆರಳು ಊದಿದ್ದೂ ಅದರಿಂದಲೇ. ಇನ್ನಷ್ಟು ಇಳಿದರೆ ಮೆದುಳು ಊದಿಕೊಂಡು ಅಪಸ್ಮಾರದಂಥ ಸೆಳೆತ ಬರಬಹುದು, ಪ್ರಾಣವೂ ಹೋಗಬಹುದು. ಇದು ಅಪರೂಪದ ಕಾಯಿಲೆಯೂ ಅಲ್ಲ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ ಹದಿಮೂರು ಮಂದಿಯಲ್ಲಿ ಸೋಡಿಯಂ ಕುಸಿದಿತ್ತು, ಓಟದಲ್ಲಿ ತೂಕ ಹೆಚ್ಚಿಸಿಕೊಂಡವರೇ ಹೆಚ್ಚು ಅಪಾಯದಲ್ಲಿದ್ದರು. ಬಾಯಾರಿದಷ್ಟು ಮಾತ್ರ ಕುಡಿಯಬೇಕು ಎಂಬುದು ವೈದ್ಯರ ಮಾತು. ಓಆರ್‌ಎಸ್ ಪೊಟ್ಟಣ ಒಯ್ಯುವುದಾದರೆ ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಬೇಕು. ಹಾಗೆಂದು ಅದನ್ನೂ ಲೀಟರುಗಟ್ಟಲೆ ಸುರಿದುಕೊಂಡರೆ ಪ್ರಯೋಜನವಿಲ್ಲ.

ಹಣ ಕಟ್ಟುವ ಮೊದಲು ಆಯೋಜಕರನ್ನು ಕೇಳಬೇಕಾದದ್ದರಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಕೊನೆಯ ಸವಾರನ ಹಿಂದೆ ಯಾರು ಬರುತ್ತಾರೆ ಎಂಬುದು. ಅದಕ್ಕೆ ನೇರ ಉತ್ತರ ಬರದಿದ್ದರೆ ಮುಂದಿನದನ್ನು ಕೇಳಬೇಕಾಗಿಲ್ಲ. ಪ್ರತಿ ಕೇಂದ್ರದಲ್ಲೂ ನಂಬರ್ ಬರೆದುಕೊಂಡು ಮುಂದಿನ ಕೇಂದ್ರದ ಪಟ್ಟಿಗೆ ತಾಳೆ ನೋಡುವವರು ಯಾರು, ನೆಟ್‌ವರ್ಕ್ ಇಲ್ಲದ ಕಡೆ ವೈರ್‌ಲೆಸ್ ಇದೆಯೇ, ಇಷ್ಟು ಹೊತ್ತಿಗೆ ಇಲ್ಲಿ ತಲುಪದವರನ್ನು ತಡೆದು ನಿಲ್ಲಿಸುತ್ತಾರೆಯೇ, ಆಂಬುಲೆನ್ಸ್ ಕೊನೆಯವನು ಬರುವವರೆಗೆ ಇರುತ್ತದೆಯೇ, ಕಾಡಂಚಿನ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಪತ್ರವಿದೆಯೇ ಎಂಬುದನ್ನು ಬರಹದಲ್ಲಿ ಕೇಳಿ, ಬರಹದಲ್ಲೇ ಪಡೆಯಿರಿ. ನಾನು 3,500 ರೂಪಾಯಿ ಕಟ್ಟಿ, ಜೀವಕ್ಕೆ ಏನಾದರೂ ನಾನೇ ಹೊಣೆ ಎಂಬ ಮುಚ್ಚಳಿಕೆಗೆ ಓದದೆ ಸಹಿ ಮಾಡಿದವನು.

ಫಲಿತಾಂಶ ತಿದ್ದುವಂತೆ ಬರೆದಾಗ ಬಂದ ಉತ್ತರ ಹೀಗಿತ್ತು: ಹೊರಟವರ ಪಟ್ಟಿಯನ್ನು ಎರಡನೆಯ ಕೇಂದ್ರದ ಹಾಳೆ ನೋಡಿ ಸಿದ್ಧಪಡಿಸಲಾಗಿದೆ, ಅದರಲ್ಲಿ ನಿಮ್ಮ ನಂಬರ್ 146 ಇಲ್ಲ. ಆ ಹಾಳೆ ಹಿಡಿಯಬೇಕಿದ್ದ ಹುಡುಗ ನಾನು ಹೋದಾಗ ಅದನ್ನು ಕ್ಯಾನಿನ ಅಡಿಗೆ ಸಿಕ್ಕಿಸಿ ನನಗೆ ಸೀಯಾಳ ಕೆತ್ತುತ್ತಿದ್ದ. ಹ್ಯಾಂಡಲಿಗೆ ಇನ್ನೂ ಕಟ್ಟಿಕೊಂಡೇ ಇರುವ 146ರ ಫಲಕದ ಫೋಟೋವನ್ನು ಆಸ್ಪತ್ರೆಯ ಬಿಲ್ಲಿನೊಂದಿಗೆ ಕಳಿಸಿ ನಾಲ್ಕು ತಿಂಗಳಾಯಿತು. ಅದಕ್ಕೆ ಉತ್ತರ ಬಂದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂಬ ಸಂದೇಶ ಮಾತ್ರ ಮೊನ್ನೆ ಬಂದಿದೆ.