ಫ್ಲಾರೆನ್ಸ್‌ನ ಕಲಾ ಟೂರ್: ಮಸಾಚೊಗೆ ಅರ್ಧ ಗಂಟೆ, ಡಾಂಟೆಗೆ ಎರಡೇ ಮಾತು

ಸಾಂತಾ ಮರಿಯಾ ನೊವೆಲ್ಲಾ ಅನ್ನೋ ಒಂದೇ ಚರ್ಚನ್ನು ಎರಡು ಗಂಟೆ ತೋರಿಸುವ ಟೂರ್ ಇದು. ಸೆಲ್ಫಿಗೆ ಬಂದವರಿಗೆ ಬೋರ್ ಆಗುತ್ತದೆ. ಚಿತ್ರ ನೋಡುವುದು ಹೇಗೆ ಅಂತ ಕಲಿಯಬೇಕು ಅನ್ನುವವರಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಚಿತ್ರಕಾರ ಮಸಾಚೊ 1427ರ ಸುಮಾರಿಗೆ ಗೋಡೆ ಮೇಲೆ ಬರೆದ ‘ತ್ರಿತ್ವ’ದ (ತಂದೆ ದೇವರು, ಶಿಲುಬೆಯ ಮೇಲೆ ಯೇಸು, ಪವಿತ್ರಾತ್ಮ) ಮುಂದೆ ಗೈಡ್ ಅರ್ಧ ಗಂಟೆ ನಿಲ್ಲಿಸಿದರು. ಮೊದಲು ಏನೂ ವಿವರಿಸಲಿಲ್ಲ, ಕಮಾನು ಛಾವಣಿಯ ಗೆರೆಗಳೆಲ್ಲ ಎಲ್ಲಿ ಹೋಗಿ ಸೇರುತ್ತವೆ ನೋಡಿ ಅಂದರು ಅಷ್ಟೇ. ಶಿಲುಬೆಯ ಬುಡಕ್ಕೆ, ಅಂದರೆ ಹೆಚ್ಚುಕಮ್ಮಿ ನಿಂತು ನೋಡುವವರ ಕಣ್ಣಿನ ಮಟ್ಟಕ್ಕೆ! ಅದಕ್ಕೇ ಸಪಾಟು ಗೋಡೆಯೊಳಗೆ ಒಂದು ಕೋಣೆ ಕೊರೆದ ಹಾಗೆ ಕಾಣುತ್ತದೆ. ಚಿತ್ರ ಬರೆಸಿದ ದಂಪತಿ ಕಂಬಗಳಿಂದ ಈಚೆ, ನಮ್ಮ ಕಡೆ ಮಂಡಿಯೂರಿದ್ದಾರೆ. ಮೇರಿ ಮಾತ್ರ ನೇರ ನಮ್ಮನ್ನೇ ನೋಡುತ್ತಾ ಮಗನ ಕಡೆ ಕೈ ತೋರಿಸುತ್ತಾಳೆ.

ಹೊರಗೆ ವಾಸ್ತುಶಿಲ್ಪಿ ಆಲ್ಬರ್ಟಿ ರೂಪಿಸಿದ ಚರ್ಚಿನ ಮುಖಭಾಗ, 1470ರದ್ದು. ಮೇಲಿನ ಭಾಗ ಕಿರಿದು, ಕೆಳಗಿನದು ಅಗಲ. ಎರಡನ್ನೂ ಕೂಡಿಸುವ ದೊಡ್ಡ ಸುರುಳಿಗಳು ಸುಮ್ನೆ ಅಲಂಕಾರ ಅನಿಸುತ್ತವೆ, ಅಲ್ವಾ? ಪಕ್ಕದ ಇಳಿಜಾರು ಛಾವಣಿಯನ್ನು ಮುಚ್ಚಿಡುವುದು ಅವೇ. ಆಮೇಲೆ ಯುರೋಪಿನ ಎಷ್ಟೋ ಚರ್ಚುಗಳು ಈ ಉಪಾಯವನ್ನು ಎತ್ತಿಕೊಂಡವು.

ಬೇಜಾರಾಗಿದ್ದು ಚರ್ಚಿನೊಳಗಿನ ಸ್ಟ್ರೋಝಿ ಚಾಪೆಲ್‌ನಲ್ಲಿ (ಚಿಕ್ಕ ಪ್ರಾರ್ಥನಾ ಕೋಣೆ). ಕವಿ ಡಾಂಟೆ ತನ್ನ ಕಾವ್ಯದಲ್ಲಿ ವರ್ಣಿಸಿದ ನರಕವನ್ನು ಚಿತ್ರಕಾರ ನಾರ್ಡೊ ದಿ ಚೋನೆ ಗೋಡೆ ತುಂಬ ಬಿಡಿಸಿದ್ದಾನೆ. ಕಾವ್ಯದ ಕಟ್ಟು ಚಿತ್ರದ ಕಟ್ಟಾಗುವುದು ಹೇಗೆ ಅಂತ ಹೇಳಲು ಇದಕ್ಕಿಂತ ಒಳ್ಳೆ ಜಾಗ ಬೇಕಾ? ಟೈಮ್ ಆಯ್ತು ಅಂತ ಎರಡು ಮಾತಲ್ಲಿ ಮುಗಿಸಿದರು. ಇಯರ್‌ಫೋನ್ ಬೇರೆ ಕರಕರ.

ನಾಲ್ಕು ಸ್ಟಾರ್. ಚರ್ಚಿನ ಟಿಕೆಟ್ ದುಡ್ಡು ಇದರಲ್ಲಿ ಸೇರಿಲ್ಲ, ಬುಕ್ ಮಾಡುವಾಗ ನೋಡಿಕೊಳ್ಳಿ.